ಕೆಂಡದ ಮೇಲಿನ ಪ್ಲೇಟು

"ಏನ್ ರಿಸರ್ಚ್ ಮಾಡ್ತಿದೀರಾ?" ಎಂದು ಕೇಳಿದವರಿಗೆಲ್ಲ ನಾನು ಬಹಳ ವರ್ಷ ನಿಜವನ್ನೇ ಹೇಳುತ್ತಿದ್ದೆ. ಒಂದು ಪ್ಲೇಟನ್ನು ಬಿಸಿ ಮಾಡುತ್ತೇನೆ, ಅದನ್ನು ತಟ್ಟುತ್ತೇನೆ, ಅದು ಹೇಗೆ ನಡುಗುತ್ತದೆ ಎಂದು ನೋಡುತ್ತೇನೆ. ಕೇಳಿದವರು ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತಿದ್ದರು, ಇನ್ನೂ ಏನೋ ಹೇಳುವುದಿದೆ ಎನ್ನುವ ಹಾಗೆ. ಹೇಳುವುದು ಇನ್ನೇನೂ ಇರುತ್ತಿರಲಿಲ್ಲ. ಆಮೇಲೆ ಅವರು ಈ ಸಲ ಟೊಮೆಟೊ ಹೇಗಿದೆ ಎಂದು ಮಾತು ಬದಲಿಸುತ್ತಿದ್ದರು. ನಮ್ಮ ಕಡೆ ಟೊಮೆಟೊ ಯಾವ ಕಾಲಕ್ಕೂ ಒದಗಿಬರುವ ವಿಷಯ.

ನಾನಾಗ ಚಿಕ್ಕಬಳ್ಳಾಪುರದ ಹೊರಗಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗದ ಮೇಡಂ. ಪಾಠ ಮಾಡಿಕೊಂಡೇ ಪಿಎಚ್‌ಡಿಗೆ ಸೇರಿಕೊಂಡಿದ್ದೆ. ಗಂಡನ ಮನೆ ಶಿಡ್ಲಘಟ್ಟದ ಪಕ್ಕದ ಹಳ್ಳಿ. ಹಿಪ್ಪುನೇರಳೆ ತೋಟ, ಮನೆಯ ಹಿಂದೆ ಉದ್ದಕ್ಕೆ ಒಂದು ಹುಳದ ಮನೆ. ಅದರ ಪೂರ್ತಿ ಆಡಳಿತ ನಮ್ಮತ್ತೆಯದು. ಅಲ್ಲಿ ರೇಷ್ಮೆ ಹುಳಕ್ಕಿರುವ ಮರ್ಯಾದೆ ಮನುಷ್ಯರಿಗಿಲ್ಲ. ಚಳಿ ಬಿತ್ತೆಂದರೆ ಹುಳಕ್ಕೆ ಕೆಂಡದ ಬಾಣಲೆ ಇಡುತ್ತಾರೆ. ನಾವು ಸ್ವೆಟರ್ ಹಾಕಿಕೊಳ್ಳಬೇಕು.

ಪ್ಲೇಟಿನ ವಿಷಯ ನನ್ನಿಂದ ಪೂರ್ತಿ ಕೇಳಿಸಿಕೊಂಡವರು ಅತ್ತೆ ಒಬ್ಬರೇ. ಹುಳಕ್ಕೆ ಸೊಪ್ಪು ಕತ್ತರಿಸುತ್ತಾ ಒಂದು ದಿನ ಕೇಳಿದರು:

"ಅದೇನಮ್ಮಾ ಅಂಥಾ ಪ್ಲೇಟು? ನಮ್ಮನೇಲಿ ಇಲ್ದೇ ಇರೋದು?"

ನಾನು ಹೇಳಿದೆ. ಒಂದು ಮುಖ ಪಿಂಗಾಣಿಯಂಥದ್ದು. ಎಂಥ ಬೆಂಕಿಯನ್ನೂ ತಡೆಯುತ್ತದೆ, ಆದರೆ ಏಟು ಬಿದ್ದರೆ ಒಡೆಯುತ್ತದೆ. ಇನ್ನೊಂದು ಮುಖ ಲೋಹ. ಏಟು ತಡೆಯುತ್ತದೆ, ಬೆಂಕಿ ತಡೆಯುವುದಿಲ್ಲ. ಎರಡನ್ನೂ ಸುಮ್ಮನೆ ಅಂಟಿಸಿದರೆ ಕಾದಾಗ ಒಂದು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ ಹಿಗ್ಗುತ್ತದೆ, ಅಂಟಿದ ಜಾಗದಲ್ಲಿ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಈ ಕಡೆಯಿಂದ ಆ ಕಡೆಗೆ ಪಿಂಗಾಣಿ ಕಡಿಮೆಯಾಗುತ್ತಾ ಲೋಹ ಹೆಚ್ಚಾಗುತ್ತಾ ಹೋಗುವ ಹಾಗೆ ಬೆರೆಸಿ ಮಾಡುತ್ತಾರೆ. ಮಧ್ಯೆ ಗೆರೆ ಅಂತ ಇರುವುದಿಲ್ಲ.

ಅವರಿಗೆ ಅರ್ಥವಾಗಲಿಲ್ಲ. ಮುಖ ನೋಡಿದರೆ ಗೊತ್ತಾಯಿತು. ಆಗ ಅವರ ತವರಿನ ಬಸ್ಸು ನೆನಪಾಯಿತು. ತವರು ಚಿಂತಾಮಣಿ ದಾಟಿ, ಆಂಧ್ರದ ಗಡಿಯ ಹತ್ತಿರ. ಶಿಡ್ಲಘಟ್ಟದಲ್ಲಿ ಬಸ್ಸು ಹತ್ತಿದಾಗ ಒಳಗೆಲ್ಲ ಕನ್ನಡ. ಚಿಂತಾಮಣಿ ಬರುವಷ್ಟರಲ್ಲಿ ಅರ್ಧಕ್ಕರ್ಧ. ಅವರು ಇಳಿಯುವ ಸ್ಟಾಪಿನಲ್ಲಿ ಪೂರ್ತಿ ತೆಲುಗು. ಕನ್ನಡ ಎಲ್ಲಿ ಮುಗಿಯಿತು, ತೆಲುಗು ಎಲ್ಲಿ ಶುರುವಾಯಿತು ಎಂದು ಕಂಡಕ್ಟರಿಗೂ ಹೇಳಲಾಗದು. ಈ ಪ್ಲೇಟೂ ಹಾಗೇ ಅತ್ತೆ, ಎಂದೆ.

"ಹಂಗನ್ನು ಮತ್ತೆ," ಎಂದರು. "ಇಷ್ಟಕ್ಕೆ ಅಷ್ಟೊಂದು ವರ್ಷ ಓದ್ಬೇಕಾ?"

ಓದಬೇಕಿತ್ತು. ಯಾಕೆಂದರೆ ಇಂಥ ಪ್ಲೇಟುಗಳು ಬೇಕಾಗುವುದು ರಾಕೆಟ್ಟಿಗೆ, ಎಂಜಿನ್ನಿನ ಒಳಗೋಡೆಗೆ, ಒಂದು ಕಡೆ ಉರಿ, ಇನ್ನೊಂದು ಕಡೆ ಅಲುಗಾಟ ಇರುವ ಕಡೆ. ಕಾದ ಮೇಲೂ ಅದು ಸರಿಯಾಗಿ ನಡುಗುತ್ತದೆಯೇ ಎಂದು ಮೊದಲೇ ಗೊತ್ತಿರಬೇಕು. ಕಾದ ವಸ್ತುವಿಗೆ ಹಿಗ್ಗಲು ಜಾಗ ಬೇಕು. ನಾಲ್ಕೂ ಅಂಚನ್ನು ಬೋಲ್ಟು ಹಾಕಿ ಬಿಗಿದುಬಿಟ್ಟರೆ ಜಾಗವಿಲ್ಲ, ಒತ್ತಡ ಒಳಗೊಳಗೇ ತುಂಬಿಕೊಳ್ಳುತ್ತದೆ. ಒತ್ತಡ ಏರಿದ ಹಾಗೆ ಅದರ ನಡುಕ ನಿಧಾನವಾಗುತ್ತದೆ, ತಟ್ಟಿದರೆ ಬರುವ ದನಿ ಇಳಿಯುತ್ತಾ ಹೋಗುತ್ತದೆ. ಒಂದು ಮಟ್ಟದ ಬಿಸಿಗೆ ದನಿಯೇ ಅಡಗಿಹೋಗಬೇಕು. ಇದನ್ನು ಓದುತ್ತಾ ಯಾವುದಾದರೂ ಮನೆಯ ಸೊಸೆಯಂದಿರು ನಗುತ್ತಿದ್ದರೆ ನಗಲಿ. ನಾನು ಪ್ಲೇಟಿನ ವಿಷಯ ಮಾತ್ರ ಹೇಳುತ್ತಿದ್ದೇನೆ.

ನಮ್ಮ ಬಳಿ ಇದ್ದದ್ದು ಒಂದೇ ಪ್ಲೇಟು. ದೂರದ ಊರಿನ ಒಂದು ಲ್ಯಾಬಿನವರು ಅವರಿವರ ಶಿಫಾರಸಿನ ಮೇಲೆ ಮಾಡಿಕೊಟ್ಟದ್ದು. ಮತ್ತೆ ಕೇಳಬೇಡಿ ಎಂದು ಹೇಳಿಯೇ ಕೊಟ್ಟಿದ್ದರು. ಚೌಕಾಕಾರ, ತೆಳ್ಳಗೆ, ಒಂದು ಕಡೆ ಮಾಸಲು ಬಿಳುಪು, ಒಂದು ಕಡೆ ಬೂದು. ದಪ್ಪ ಕಬ್ಬಿಣದ ಚೌಕಟ್ಟಿಗೆ ಸುತ್ತಲೂ ಬೋಲ್ಟು ಹಾಕಿ ಬಿಗಿದಿದ್ದೆವು. ಚೌಕಟ್ಟಿಗೆ ಮೊಣಕಾಲೆತ್ತರದ ನಾಲ್ಕು ಕಾಲು. ಕೆಳಗೆ ಹೀಟರ್. ಮೇಲೆ ಅಂಗಿಯ ಗುಂಡಿಯಷ್ಟು ದೊಡ್ಡ ಸೆನ್ಸರ್. ಚಿಕ್ಕ ಸುತ್ತಿಗೆಯಿಂದ ತಟ್ಟಿದರೆ ಸೆಕೆಂಡಿಗೆ ಎಷ್ಟು ಸಲ ನಡುಗಿತು ಎಂದು ಕಂಪ್ಯೂಟರಿನಲ್ಲಿ ಬರುತ್ತಿತ್ತು.

ಈಗ ನಮ್ಮ ಕೆಲಸದ ಪದ್ಧತಿ ಹೇಳಬೇಕು, ಎಲ್ಲ ಅನಾಹುತವೂ ಅದರಲ್ಲೇ ಇದೆ. ನನ್ನ ಗೈಡ್ ಸರ್ ಗೌರಿಬಿದನೂರಿನಿಂದ ಕಾರಿನಲ್ಲಿ ಬರುತ್ತಿದ್ದರು. ದಾರಿಯಲ್ಲಿ ಅಲೀಪುರದಿಂದ ಬಂದು ನಿಂತಿರುತ್ತಿದ್ದ ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರನ್ನು ಹತ್ತಿಸಿಕೊಳ್ಳುತ್ತಿದ್ದರು. ಗೈಡಿಗೆ ಶುಗರ್ ಇತ್ತು. ಒಂದು ಗಂಟೆಗೆ ಊಟ ಎಂದರೆ ಒಂದು ಗಂಟೆಗೆ ಊಟ. ಎರಡು ಡಬ್ಬಿಗಳೂ ಅಕ್ಕಪಕ್ಕ ಬಿಚ್ಚಿಕೊಳ್ಳುತ್ತಿದ್ದವು. ಇವರ ಮುದ್ದೆ ಅವರಿಗೆ, ಅವರ ಮನೆಯ ಕಬಾಬು ಇವರಿಗೆ. ಇದು ನಾನು ಕಾಲೇಜು ಸೇರುವ ಮೊದಲಿನಿಂದ ಇದ್ದ ವ್ಯವಸ್ಥೆ. ಊಟದ ಹೊತ್ತಿಗೆ ಲ್ಯಾಬಿನಲ್ಲಿ ಯಾರೂ ಇರಬಾರದೆಂದು ಕಾಲೇಜಿನ ನಿಯಮ, ಬೀಗ ಹಾಕಲೇಬೇಕು. ಪ್ಲೇಟೋ ಬಹಳ ಸಾವಕಾಶದ ಪ್ರಾಣಿ, ಸಮನಾಗಿ ಬಿಸಿ ಏರಲು ಹೊತ್ತು ಹಿಡಿಯುತ್ತಿತ್ತು. ಹಾಗಾಗಿ ಬೆಳಿಗ್ಗೆ ತಣ್ಣಗಿದ್ದಾಗಿನ, ಬೆಚ್ಚಗಿದ್ದಾಗಿನ ರೀಡಿಂಗ್ ತೆಗೆದು, ಹೀಟರನ್ನು ಮೇಲಿನ ಬಿಸಿಗೆ ಇಟ್ಟು, ಬೀಗ ಹಾಕಿ ಊಟಕ್ಕೆ ಹೋಗುತ್ತಿದ್ದೆವು. ಕೈ ತೊಳೆದು ಬರುವ ಹೊತ್ತಿಗೆ ಪ್ಲೇಟು ಸುಡುತ್ತಿರುತ್ತಿತ್ತು. ಮಧ್ಯಾಹ್ನವೆಲ್ಲ ಬಿಸಿ ರೀಡಿಂಗ್. ಸಂಜೆ ಸ್ವಿಚ್ ಆಫ್ ಮಾಡಿ, ಅದರ ಪಾಡಿಗೆ ಅದು ಆರಲಿ ಎಂದು ಬಿಟ್ಟು ಮನೆಗೆ. ಸಮಯ ಒಂದಿಷ್ಟೂ ವ್ಯರ್ಥವಾಗುತ್ತಿಲ್ಲ ಎಂದು ನಮಗೆ ಹೆಮ್ಮೆ ಇತ್ತು.

ರಂಜಾನ್ ತಿಂಗಳಲ್ಲಿ ಇನ್‌ಸ್ಟ್ರಕ್ಟರ್ ಊಟಕ್ಕೆ ಬರುತ್ತಿರಲಿಲ್ಲ. ಆದರೆ ಆ ಹೊತ್ತಿಗೆ ನಮಾಜಿಗೆ ಹೋಗುತ್ತಿದ್ದರು. ಪ್ಲೇಟಿನ ಅದೃಷ್ಟ.

ತೊಂದರೆ ಇದ್ದದ್ದು ಬಿಸಿ ರೀಡಿಂಗಿನಲ್ಲಿ. ಬೆಳಗಿನ ಅಂಕಿಗಳು ಲೆಕ್ಕದ ಪ್ರಕಾರ ಇಳಿಯುತ್ತಿದ್ದವು, ಬಹಳ ಮರ್ಯಾದಸ್ಥ ಅಂಕಿಗಳು. ಮಧ್ಯಾಹ್ನದ ಬಿಸಿಗೆ ನಮ್ಮ ಲೆಕ್ಕದಂತೆ ಪ್ಲೇಟಿನ ದನಿ ಅಡಗಿರಬೇಕಿತ್ತು. ನಮ್ಮದು ಗಂಟಲು ಬಿಚ್ಚಿ ಕೂಗುತ್ತಿತ್ತು. ಬೋಲ್ಟು ಸಡಿಲವಿರಬೇಕೆಂದು ಬಿಗಿದೆವು. ಸೆನ್ಸರಿನ ಅಂಟು ಕಾದು ಮೆತ್ತಗಾಗಿರಬೇಕೆಂದು ಅಂಟು ಬದಲಿಸಿದೆವು. ಕರೆಂಟಿನ ಮೇಲೆ ಅನುಮಾನ ಪಟ್ಟೆವು, ಅದರ ಮೇಲೆ ಅನುಮಾನ ಪಡುವುದು ನಮ್ಮ ಕಡೆ ಸುಲಭ. ಗೈಡ್ ಸರ್ ಒಮ್ಮೆ ಕಂಪ್ಯೂಟರನ್ನು ಕಾಲಿಂದ ಮೆಲ್ಲಗೆ ಒದ್ದದ್ದನ್ನೂ ನೋಡಿದ್ದೇನೆ. ಏನು ಮಾಡಿದರೂ ಅದೇ ಅಂಕಿ.

ಈ ವಿಷಯ ಬಲ್ಲವರು ಇಷ್ಟು ಹೊತ್ತಿಗೆ ಕಾರಣ ಊಹಿಸಿ ನಕ್ಕಿರುತ್ತಾರೆ. ಪುಸ್ತಕದಲ್ಲಿ ನಾನೂ ಓದಿದ್ದೆ. ಪುಸ್ತಕದಲ್ಲಿ ಓದಿದ್ದು ನಮ್ಮ ಲ್ಯಾಬಿನಲ್ಲೂ ಆಗುತ್ತದೆ ಎಂದು ನಂಬಿಕೆ ಇರಲಿಲ್ಲ, ಅಷ್ಟೇ.

ನನ್ನ ಸಂಶೋಧನೆಯ ಪ್ರಗತಿ ನೋಡುವ ವಿಶ್ವವಿದ್ಯಾಲಯದ ಕಮಿಟಿಯವರು ಗ್ರಾಫ್ ನೋಡಿ ತಲೆ ಅಲ್ಲಾಡಿಸಿದರು. ಲೆಕ್ಕಕ್ಕೂ ಪ್ರಯೋಗಕ್ಕೂ ಸಂಬಂಧವೇ ಇಲ್ಲ, ಒಂದೋ ನಿಮ್ಮ ಲೆಕ್ಕ ತಪ್ಪು, ಇಲ್ಲಾ ಪ್ರಯೋಗ ತಪ್ಪು ಎಂದರು. ನನಗೆ ಸಿಗಬೇಕಾದ ಅವಧಿ ಮುಗಿದು, ಕೇಳಿಕೊಂಡು ಪಡೆದ ಅವಧಿಯೂ ಮುಗಿಯುತ್ತಾ ಬಂದಿತ್ತು. ದಸರಾ ರಜೆ ಕಳೆದ ಮೇಲೆ ಇನ್ನೊಂದು ಸಲ ತೋರಿಸಿ, ಅದೇ ಕೊನೆ, ಹೊಂದಲಿಲ್ಲ ಎಂದರೆ ರಿಜಿಸ್ಟ್ರೇಷನ್ ರದ್ದು ಎಂದು ಹೇಳಿ ಕಳಿಸಿದರು. ಮಗುವಿಗೆ ಜ್ವರ ಬಂದ ದಿನವೂ ನಾನು ಆ ಪ್ಲೇಟಿನ ಮುಂದೆ ಕೂತಿದ್ದೆ. ಮಗುವನ್ನು ನೋಡಿಕೊಂಡದ್ದು ಅತ್ತೆ. ಎಲ್ಲ ರದ್ದು ಎಂದರೆ ಆ ದಿನಗಳನ್ನೆಲ್ಲ ಯಾರಿಗೆ ಕೊಟ್ಟ ಹಾಗಾಯಿತು?

ಇಂಥ ಹೊತ್ತಿನಲ್ಲಿ ಆಯುಧಪೂಜೆ ಬಂತು. ರಜೆಗೆ ಮುಂಚೆ ಕಾಲೇಜಿನಲ್ಲಿ ಪೂಜೆ ಇರುತ್ತದೆ. ಮೆಕ್ಯಾನಿಕಲ್ ಹುಡುಗರಿಗೆ ಅದು ಪರೀಕ್ಷೆಗಿಂತ ದೊಡ್ಡದು. ಲೇತ್‌ಗೆ ಬಾಳೆಕಂದು, ಡ್ರಿಲ್ಲಿಂಗ್ ಮೆಷೀನಿಗೆ ಸೇವಂತಿಗೆ ಹಾರ, ಕೈಗೆ ಸಿಕ್ಕ ಕಬ್ಬಿಣಕ್ಕೆಲ್ಲ ವಿಭೂತಿ. ಹಿಂದಿನ ವರ್ಷ ನನ್ನ ಸೆನ್ಸರಿಗೆ ಮೂರು ಪಟ್ಟೆ ಬಳಿದು ನಡುವೆ ಕುಂಕುಮ ಇಟ್ಟಿದ್ದರು. ಅದನ್ನು ಬಿಡಿಸುವಷ್ಟರಲ್ಲಿ ನನ್ನ ಜೀವ ಹೋಗಿತ್ತು. ಈ ಸಲ ಕೊನೆಯ ಅವಕಾಶ, ಚಿಟಿಕೆ ಕುಂಕುಮದ ಭಾರವೂ ನನಗೆ ಬೇಡ. ಸೆನ್ಸರ್ ಬಿಚ್ಚಿ ಬೀರುವಿನಲ್ಲಿಟ್ಟೆ. ಪ್ಲೇಟನ್ನು ಚೌಕಟ್ಟಿನ ಸಮೇತ ಟವೆಲಿನಲ್ಲಿ ಸುತ್ತಿ, ಇನ್‌ಸ್ಟ್ರಕ್ಟರೂ ನಾನೂ ಹಿಡಿದು ನನ್ನ ಕಾರಿಗೆ ಹಾಕಿದೆವು.

"ಅರೆ ಮೇಡಂ, ಪೂಜೆಗೆ ಹೆದ್ರಿ ಓಡೋಗ್ತಿರೋ ಮೆಷೀನು ಇದೊಂದೇ," ಎಂದರು ಅವರು.

"ಸುಮ್ನಿರಿ," ಎಂದೆ. ಪೂಜೆಯಿಂದ ತಪ್ಪಿಸಲೆಂದು ನಾನು ಅದನ್ನು ನೇರ ನಮ್ಮತ್ತೆಯ ಮನೆಗೆ ತಂದೆ. ಯೋಚನೆ ಮಾಡಿಯೇ ತಂದದ್ದು.

ಹುಳದ ಮನೆ ಖಾಲಿ ಇತ್ತು. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿ ಆಗಿತ್ತು, ಮುಂದಿನ ಹುಳ ಬಂದಿರಲಿಲ್ಲ. ತೊಳೆದು ಸುಣ್ಣ ಹೊಡೆದು ಶುದ್ಧವಾಗಿದ್ದ ಆ ಕೋಣೆಯ ಮೂಲೆಯಲ್ಲಿ ಪ್ಲೇಟನ್ನು ಇಟ್ಟು, ಗೋಣಿ ಹೊದಿಸಿ, ನೆಮ್ಮದಿಯಾಗಿ ಬಂದೆ. ಅತ್ತೆಗೆ ಹೇಳಲಿಲ್ಲ.

ಹಬ್ಬದ ದಿನ ನಾನು ತಲೆಗೆ ನೀರು ಹಾಕಿಕೊಂಡು ಬರುವಾಗ ಹುಳದ ಮನೆಯಿಂದ ಸಾಂಬ್ರಾಣಿ ವಾಸನೆ ಬಂತು. ಒದ್ದೆ ಕೂದಲಲ್ಲೇ ಓಡಿದೆ.

ಅಲ್ಲಿ ದರಬಾರು ನಡೆದಿತ್ತು. ಕುಡುಗೋಲು, ಸೊಪ್ಪಿನ ಕತ್ತಿ, ಔಷಧಿ ಹೊಡೆಯುವ ಪಂಪು, ಗೂಡು ಕಟ್ಟಲು ಹುಳ ಬಿಡುವ ಬಿದಿರಿನ ಚಂದ್ರಿಕೆಗಳು, ಎಲ್ಲ ಸಾಲಾಗಿ ಕುಂಕುಮ ಇಟ್ಟುಕೊಂಡು ಕೂತಿದ್ದವು. ನಟ್ಟನಡುವೆ ನನ್ನ ಪ್ಲೇಟು. ನಾಲ್ಕು ಮೂಲೆಗೂ ಅರಿಶಿನ ಕುಂಕುಮ, ಒಂದೊಂದು ಬೋಲ್ಟಿಗೂ ಒಂದೊಂದು ಸೇವಂತಿಗೆ. ಚೌಕಟ್ಟಿಗೆ ಕಾಲಿತ್ತಲ್ಲ, ಕೆಳಗೆ ಜಾಗ ಹಾಳಾಗಬಾರದೆಂದು ಹುಳಕ್ಕೆ ಇಡುವ ಕೆಂಡದ ಬಾಣಲೆಯನ್ನೇ ಅಲ್ಲಿಗೆ ತಳ್ಳಿ, ನಿಗಿನಿಗಿ ಕೆಂಡಕ್ಕೆ ಸಾಂಬ್ರಾಣಿ ಎರಚಿದ್ದರು. ನಮ್ಮ ಲ್ಯಾಬಿನಲ್ಲಿ ಹೀಟರ್ ಎಲ್ಲಿತ್ತೋ, ಸರಿಯಾಗಿ ಅಲ್ಲಿಗೆ.

"ಅತ್ತೇ, ಏನ್ ಮಾಡ್ತಿದೀರಾ!"

"ಪೂಜೆ ಕಣಮ್ಮ. ಎಲ್ರ ಸಾಮಾನೂ ಕುಂಕುಮ ಇಟ್ಕೊಂಡೈತೆ, ನಿಂದೊಂದೇ ಮೂಲೇಲಿ ಗೋಣಿ ಹೊದ್ಕೊಂಡು ಕೂತಿತ್ತು ಪಾಪ. ಅದೇ ಅಲ್ವಾ ನಿಂಗೆ ಅನ್ನ ಹಾಕೋದು? ಅದಕ್ಕೇ ನಡುಮಧ್ಯ ಇಟ್ಟೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಪ್ಲೇಟು "ಟಣ್" ಎಂದಿತು. ದೊಡ್ಡ ಶಬ್ದ. ಮೂಲೆಯ ಮೇಲಿದ್ದ ಕುಂಕುಮ ಒಂದು ಚೂರು ಹಾರಿತು.

ಅತ್ತೆ ಕೈ ಮುಗಿದರು. "ನೋಡಿದ್ಯಾ, ತಾಯಿ ಒಪ್ಕೊಂಡ್ಲು."

"ಒಪ್ಕೊಂಡಿಲ್ಲ! ಒಡೆದೋಯ್ತು!" ಎಂದು ಕಿರುಚಿದೆ. "ಇರೋದೇ ಒಂದು ಅತ್ತೆ, ಇನ್ನೊಂದು ಸಿಗಲ್ಲ! ಯಾರು ನಿಮಗೆ ಇದನ್ನ ಮುಟ್ಟಿ ಅಂದ್ರು? ನನ್ನಿಷ್ಟು ವರ್ಷದ್ದು ಎಲ್ಲಾ ಹೋಯ್ತು. ಮುಗೀತು."

ಅವರ ಮುಗಿದ ಕೈ ಹಾಗೇ ಇತ್ತು. ಆಮೇಲೆ ಬಗ್ಗಿ, ಇಕ್ಕಳದಲ್ಲಿ ಬಾಣಲೆಯ ಅಂಚು ಹಿಡಿದು ಕೆಂಡವನ್ನು ಈಚೆಗೆ ಎಳೆದರು. ನಾನು ಅಲ್ಲಿಂದ ಸೀದಾ ಟೆರೇಸಿಗೆ ಹೋಗಿ, ಒಣಗಲು ಹಾಕಿದ್ದ ಹಪ್ಪಳದ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಪ್ಲೇಟಿಗಾಗಿ ಅತ್ತದ್ದೋ, ಅವರ ಮೇಲೆ ಕಿರುಚಿದ್ದಕ್ಕೋ, ಬೇರೆ ಬೇರೆ ಮಾಡಲು ಆಗಲಿಲ್ಲ.

ಬಿಸಿಲು ನೆತ್ತಿಗೆ ಬಂದ ಮೇಲೆ ನನ್ನ ಗಂಡ ಮೇಲಕ್ಕೆ ಬಂದರು.

"ಅಮ್ಮ ಊಟ ಮಾಡ್ಲಿಲ್ಲ."

"ನಾನೂ ಮಾಡಿಲ್ಲ."

"ನಾನು ಮಾಡ್ದೆ," ಎಂದರು. "ಒಬ್ಬಟ್ಟು ಚೆನ್ನಾಗಿತ್ತು."

ಇಂಥವರ ಜೊತೆ ಜಗಳವಾಡಲೂ ಆಗುವುದಿಲ್ಲ. ಕೆಳಗಿಳಿದೆ.

ಅತ್ತೆ ಹುಳದ ಮನೆಯಲ್ಲಿ ನೆಲದ ಮೇಲೆ ಕೂತು, ಒದ್ದೆ ಬಟ್ಟೆಯಿಂದ ಪ್ಲೇಟಿನ ಕುಂಕುಮ ಒರೆಸುತ್ತಿದ್ದರು. ಬೋಲ್ಟಿನ ಹೂಗಳನ್ನೆಲ್ಲ ಕಿತ್ತು ಸೆರಗಿನಲ್ಲಿ ಹಾಕಿಕೊಂಡಿದ್ದರು. ನನ್ನನ್ನು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು, ಹುಳದ ಮನೆಯಲ್ಲಿ ಮುಟ್ಟಬಾರದ್ದನ್ನು ಮುಟ್ಟಿ ಸಿಕ್ಕಿಬಿದ್ದ ಕೂಲಿಯವರ ಹಾಗೆ. ಆ ಮನೆಯಲ್ಲಿ ಅವರು ಯಾರಿಗೂ ಹಾಗೆ ಕೈ ಹಿಂತೆಗೆದದ್ದು ನಾನು ನೋಡಿರಲಿಲ್ಲ.

"ಒಂದ್ ಮಾತು ಹೇಳ್ಬೇಕು ಕಣಮ್ಮ. ಬೈಯ್ಯಂಗಿದ್ರೆ ಬೈಯಿ," ಎಂದರು. "ನೀನು ಮೇಲಕ್ಕೋದ್ಮೇಲೆ ಅದು ಇನ್ನೊಂದ್ಸಲ ಅಂತು. ಹಂಗೇ, ಟಣ್ ಅಂತ. ಕೆಂಡ ತೆಗೆದು ಸ್ವಲ್ಪ ಹೊತ್ತಾಗಿತ್ತು. ಒಂದು ಕಡೆ ಅಲ್ಲ, ಎರಡು ಕಡೆ ಒಡೆದೈತೆ ಅನ್ಸುತ್ತೆ. ಹೇಳ್ದೆ ಮುಚ್ಚಿಟ್ರೆ ಪಾಪ ಅಂತ ಹೇಳ್ತಿದೀನಿ."

ನಾನು ಏನೋ ಒರಟಾಗಿ ಹೇಳಲು ಹೊರಟವಳು ನಿಂತೆ.

"ಯಾವಾಗ ಅಂತು ಅಂದ್ರಿ?"

"ಕೆಂಡ ತೆಗೆದ್ಮೇಲೆ. ಆರ್ತಾ ಇದ್ದಾಗ."

ಅವರ ಪಕ್ಕ ಕೂತು ಪ್ಲೇಟಿನ ಮೇಲೆ ಕೈಯಾಡಿಸಿದೆ. ಕೆಳಗೆ ಕೈ ಹಾಕಿ ಪಿಂಗಾಣಿಯ ಮುಖವನ್ನೂ ಉಗುರಿನಿಂದ ಕೆರೆದು ನೋಡಿದೆ. ಮಸಿ ಬಂತು. ಬಿರುಕು ಎಲ್ಲೂ ಸಿಗಲಿಲ್ಲ. ಒಡೆದದ್ದು ಕಾದಾಗ ಒಂದು ಸಲ ಸದ್ದು ಮಾಡಬಹುದು, ಆರುವಾಗ ಮತ್ತೆ ಅದೇ ಸದ್ದು ಮಾಡಿ ಕೂಡಿಕೊಳ್ಳುವುದಿಲ್ಲ. ಪ್ಲೇಟು ಕಾದು, ಹಿಗ್ಗಲು ಜಾಗವಿಲ್ಲದೆ, ತಡೆಯುವಷ್ಟು ತಡೆದು, ಕೊನೆಗೆ ಮೇಲಕ್ಕೆ ಉಬ್ಬಿಕೊಂಡಿತ್ತು. ಅದು ಮೊದಲ ಸದ್ದು. ಆರಿದ ಮೇಲೆ ಇಳಿದು ಮಟ್ಟಸವಾಗಿತ್ತು. ಅದು ಎರಡನೆಯದು. ಪೂರಿ ಉಬ್ಬುವುದನ್ನು ದಿನಾ ನೋಡುವವಳು ನಾನು.

ಉಬ್ಬಿದ ಪ್ಲೇಟು ಮಟ್ಟಸ ಪ್ಲೇಟಿಗಿಂತ ಗಟ್ಟಿ. ತಟ್ಟಿದರೆ ದನಿ ಮತ್ತೆ ಏರುತ್ತದೆ. ಅಂದರೆ ನಮ್ಮ ಪ್ಲೇಟಿನ ದನಿ ಲೆಕ್ಕದ ಪ್ರಕಾರವೇ ಇಳಿದು, ತಳ ಮುಟ್ಟಿ, ಟಣ್ ಎಂದು ಉಬ್ಬಿ, ಮತ್ತೆ ಏರಿ ಕೂತಿರುತ್ತಿತ್ತು. ನಾವು ನೋಡುತ್ತಿದ್ದದ್ದು ಏರಿ ಕೂತ ಮೇಲೆ. ಇಷ್ಟೂ ಆಗುತ್ತಿದ್ದದ್ದು ಯಾವಾಗ? ಇಷ್ಟು ವರ್ಷವೂ, ಪ್ರತಿ ಸಲವೂ, ನಾವು ಲ್ಯಾಬಿಗೆ ಬೀಗ ಹಾಕಿ ಮುದ್ದೆ ಮುರಿಯುತ್ತಿದ್ದಾಗ. ಇಳಿಯುವ ಸದ್ದು ಸಂಜೆ, ನಾವೆಲ್ಲ ದಾರಿಯಲ್ಲಿದ್ದಾಗ.

ನನಗೆ ನಗು ಬಂತು. ತಡೆಯಲಾಗಲಿಲ್ಲ. ಅತ್ತೆ ಗಾಬರಿಯಾಗಿ ತೆಲುಗಿಗೆ ಹೋದರು.

"ಏಮೈಂದಮ್ಮಾ ನೀಕು?"

"ಏನೂ ಆಗಿಲ್ಲ ಅತ್ತೆ. ಅದಕ್ಕೂ ಏನೂ ಆಗಿಲ್ಲ. ಒಡೆದಿಲ್ಲ."

"ನನ್ ಸಮಾಧಾನಕ್ಕೆ ಹೇಳ್ತಿದೀಯ," ಎಂದರು. ಸೆರಗಿನ ಹೂಗಳನ್ನು ತೆಗೆದುಕೊಂಡು ಎದ್ದು ಹೋದರು. ನಾನು ಎಷ್ಟು ಹೇಳಿದರೂ ನಂಬಲಿಲ್ಲ. ನಿಜ ಹೇಳಬೇಕೆಂದರೆ, ಲ್ಯಾಬಿನಲ್ಲಿ ಅಂಕಿ ನೋಡುವ ತನಕ ನನಗೂ ಪೂರ್ತಿ ಧೈರ್ಯ ಇರಲಿಲ್ಲ.

ರಜೆ ಮುಗಿದ ದಿನವೇ ಗೈಡ್ ಸರ್ ಮುಂದೆ ನಿಂತೆ.

"ಸರ್, ಇವತ್ತು ಊಟ ಮುಂದಕ್ಕೆ ಹಾಕ್ಬೇಕು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಅವರ ಮಾತು ಮೀರಿ ನಡೆದದ್ದುಂಟು, ಅವರ ಹತ್ತಿರ ಗಲಾಟೆ ಮಾಡಿದ್ದೂ ಉಂಟು. ಇಂಥದ್ದನ್ನು ಕೇಳಿದ್ದು ಮೊದಲ ಸಲ.

"ಎಷ್ಟು ಮುಂದಕ್ಕಮ್ಮಾ?"

"ಪ್ಲೇಟು ಹೇಳ್ಬೇಕು ಸರ್."

ಪ್ರಿನ್ಸಿಪಾಲರ ಹತ್ತಿರ ಹೋಗಿ, ಊಟದ ಹೊತ್ತಿನಲ್ಲಿ ಲ್ಯಾಬಿನಲ್ಲಿ ಇರಲು ಅನುಮತಿ ತಂದೆವು. ಇನ್‌ಸ್ಟ್ರಕ್ಟರ್ ಎರಡೂ ಡಬ್ಬಿಗಳನ್ನು ಕಿಟಕಿಯ ಮೇಲೆ ಕಾಣುವ ಹಾಗೆ ಇಟ್ಟರು. ಗೈಡ್ ಸರ್ ಶುಗರ್ ಇಳಿಯದಿರಲೆಂದು ಬಿಸ್ಕತ್ತಿನ ಪೊಟ್ಟಣ ಹಿಡಿದು ಕಂಪ್ಯೂಟರ್ ಮುಂದೆ ಕೂತರು. ಬಿಸಿಯನ್ನು ಒಂದೇ ಸಲ ಏರಿಸಿಬಿಡದೆ, ಸ್ವಲ್ಪ ಏರಿಸಿ, ನಿಲ್ಲಿಸಿ, ತಟ್ಟಿ, ಅಂಕಿ ನೋಡಿ, ಮತ್ತೆ ಸ್ವಲ್ಪ ಏರಿಸಿದೆವು. ಒಂದು ಗಂಟೆ ಹೊಡೆಯಿತು. ಮೂವರೂ ಡಬ್ಬಿಗಳ ಕಡೆ ನೋಡಿದೆವು, ಎದ್ದವರಿಲ್ಲ.

ಅಂಕಿ ಇಳಿಯತೊಡಗಿತು. ಬೆಳಿಗ್ಗೆ ಇಳಿಯುತ್ತಿದ್ದ ಹಾಗೆ ಅಲ್ಲ, ಧಡಧಡ ಇಳಿಯಿತು. ಇನ್‌ಸ್ಟ್ರಕ್ಟರ್ ತಟ್ಟಿದರೆ ಗೋಣಿಚೀಲಕ್ಕೆ ತಟ್ಟಿದ ಹಾಗೆ ಮಂದವಾದ ಸದ್ದು. ಗೈಡ್ ಸರ್ ಒಂದೊಂದು ಅಂಕಿಯನ್ನೂ ಗಟ್ಟಿಯಾಗಿ ಓದುತ್ತಿದ್ದವರು ಮೆಲ್ಲಗೆ ಓದತೊಡಗಿದರು. ಉಬ್ಬದಿದ್ದರೆ? ಹಬ್ಬದ ದಿನ ಕೆಂಡದ ಮೇಲೆ ನಿಜಕ್ಕೂ ಬಿರುಕು ಬಿಟ್ಟಿದ್ದರೆ? ಅತ್ತೆ ಒದ್ದೆ ಬಟ್ಟೆ ಹಿಡಿದು ಕೂತದ್ದು ಕಣ್ಣ ಮುಂದೆ ಬಂತು. ದೇವರೇ, ಅತ್ತೆಯ ತಪ್ಪು ಅಂತ ಮಾತ್ರ ಆಗದಿರಲಿ ಎಂದು ಬೇಡಿಕೊಂಡೆ. ಪಿಎಚ್‌ಡಿ ಕೊಡು ಎಂದು ಬೇಡಿಕೊಳ್ಳಲಿಲ್ಲ ಎನ್ನುವುದು ಆಮೇಲೆ ಗಮನಕ್ಕೆ ಬಂತು.

ಟಣ್.

ಗೈಡ್ ಸರ್ ಕೈಯ ಬಿಸ್ಕತ್ತು ಕೀಬೋರ್ಡಿನ ಮೇಲೆ ಬಿತ್ತು. ಇನ್‌ಸ್ಟ್ರಕ್ಟರ್ ಸುತ್ತಿಗೆ ಎತ್ತಿದ್ದವರು ಹಾಗೇ ನಿಂತರು. ಆಮೇಲೆ ತಟ್ಟಿದರು. ಅಂಕಿ ಏರಿತ್ತು. ಮತ್ತೆ ಬಿಸಿ, ಮತ್ತೆ ಏರಿತು. ನಮ್ಮ ದಿನನಿತ್ಯದ ಮಧ್ಯಾಹ್ನದ ಬಿಸಿಗೆ ಬಂದಾಗ ಪರದೆಯ ಮೇಲೆ ಬಂದದ್ದು ನಮ್ಮ ಮಾನ ಕಳೆದ ಅದೇ ಹಳೆಯ ಅಂಕಿ.

"ಅರೆ, ಇದು ನಮ್ದೇ ನಂಬರು ಮೇಡಂ!" ಎಂದರು ಇನ್‌ಸ್ಟ್ರಕ್ಟರ್, ಸಂತೆಯಲ್ಲಿ ನೆಂಟರನ್ನು ಕಂಡ ಹಾಗೆ.

ಗೈಡ್ ಸರ್ ಕೀಬೋರ್ಡಿನ ಮೇಲಿನ ಬಿಸ್ಕತ್ತಿನ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದರು. ಜೀವಮಾನದ ಊಟಗಳನ್ನೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರೋ ಏನೋ. ಕೊನೆಗೆ, "ಊಟ ಮಾಡೋಣ ನಡೀರಿ," ಎಂದರು. ಮುದ್ದೆ ಗಟ್ಟಿಯಾಗಿ ಹೋಗಿತ್ತು. ಯಾರೂ ದೂರಲಿಲ್ಲ.

ಕಮಿಟಿಯ ಮುಂದೆ ಹೊಸ ಗ್ರಾಫ್ ಇಟ್ಟೆ. ಇಳಿಜಾರು, ತಳ, ಮತ್ತೆ ಏರು. ಇಳಿಜಾರು ನಮ್ಮ ಲೆಕ್ಕದ ಗೆರೆಯ ಮೇಲೇ ಕೂತಿತ್ತು. ಉಬ್ಬಿದ ಮೇಲಿನದಕ್ಕೆ ಬೇರೆ ಲೆಕ್ಕ ಹಾಕಿ ಅದನ್ನೂ ಹೊಂದಿಸಿದ್ದೆ. ಹಿಂದಿನ ಸಲ ತಲೆ ಅಲ್ಲಾಡಿಸಿದ್ದ ಹಿರಿಯರೊಬ್ಬರು ಗ್ರಾಫನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಈ ಜಾಗದಲ್ಲಿ ನೋಡ್ಬೇಕು ಅಂತ ಹೆಂಗೆ ಹೊಳೀತು ನಿಮಗೆ?"

"ಒಂದು ಪ್ರಾಥಮಿಕ ಪ್ರಯೋಗದಲ್ಲಿ ಶಬ್ದ ಕೇಳಿಸ್ತು ಸರ್."

"ಯಾರು ಮಾಡಿದ ಪ್ರಯೋಗ?"

ಗೈಡ್ ಸರ್ ಛಾವಣಿಯ ಫ್ಯಾನು ನೋಡತೊಡಗಿದರು.

"ನಮ್ಮತ್ತೆ, ಸರ್."

"ಅವರು ಯಾವ ಡಿಪಾರ್ಟ್‌ಮೆಂಟು?"

"ರೇಷ್ಮೆ, ಸರ್."

ಅವರು ಗಂಭೀರವಾಗಿ ತಲೆಯಾಡಿಸಿ ಮುಂದಿನ ಪುಟ ತಿರುಗಿಸಿದರು. ಪ್ರಬಂಧ ಒಪ್ಪಿಗೆಯಾಯಿತು. ಮುಂದೆ ವೈವಾ ಆಯಿತು, ಪದವಿಯೂ ಬಂತು. ಅತ್ತೆ ಊರಿಗೆಲ್ಲ ಕಡಲೆಬೇಳೆ ಪಾಯಸ ಹಂಚಿದರು.

ಆದರೆ ಒಂದು ವಿಷಯ ನನಗೆ ನಿಧಾನವಾಗಿ ತಿಳಿಯಿತು. ಆ ವರ್ಷ ಯುಗಾದಿಗೆ ಅತ್ತೆ ಮನೆಯ ಎಲ್ಲ ಗಾಡಿಗೂ ಕುಂಕುಮ ಇಟ್ಟರು, ನನ್ನ ಕಾರಿಗೆ ಇಡಲಿಲ್ಲ. ಹೊಸ ಲ್ಯಾಪ್‌ಟಾಪ್ ತಂದಾಗ ದೇವರ ಮುಂದೆ ಇಡು ಎನ್ನಲಿಲ್ಲ. ನನ್ನ ಪುಸ್ತಕದ ಬೀರುವಿನ ಧೂಳು ಒರೆಸುವುದನ್ನೂ ಬಿಟ್ಟಿದ್ದರು. ಕೇಳಿದರೆ "ಮರೆತೆ ಕಣಮ್ಮ" ಎನ್ನುತ್ತಿದ್ದರು. ಹುಳಕ್ಕೆ ಸೊಪ್ಪು ಹಾಕುವ ಹೊತ್ತನ್ನು ಒಂದು ದಿನವೂ ಮರೆಯದ ಹೆಂಗಸು. ಒಡೆದಿರಲಿಲ್ಲ ಎಂದು ನಾನು ಹೇಳಿದ್ದೆ, ಪದವಿಯೂ ಬಂದಿತ್ತು, ಪಾಯಸವೂ ಆಗಿತ್ತು. ಅವರ ಕಿವಿಯಲ್ಲಿ ಉಳಿದದ್ದು ಮಾತ್ರ ನನ್ನ ಕಿರುಚಾಟ. ಕೈಗೆ ಸಿಗದ ಜಾಗದಲ್ಲಿ ಮುಳ್ಳು ಮುರಿದುಕೊಂಡ ಹಾಗಾಯಿತು ನನಗೆ.

ಮುಂದಿನ ಆಯುಧಪೂಜೆಗೆ ಕಾಲೇಜಿನಿಂದ ಮತ್ತೆ ಪ್ಲೇಟನ್ನು ಚೌಕಟ್ಟಿನ ಸಮೇತ ಕಾರಿಗೆ ಹಾಕಿಸಿದೆ. ಈ ಸಲ ಟವೆಲು ಸುತ್ತಲಿಲ್ಲ. ಹಬ್ಬದ ಬೆಳಿಗ್ಗೆ ಹುಳದ ಮನೆಯಲ್ಲಿ, ಕುಡುಗೋಲು ಚಂದ್ರಿಕೆಗಳ ಸಾಲಿನ ನಡುವೆ, ನಾನೇ ಇಟ್ಟೆ. ಅತ್ತೆ ಎಲ್ಲಕ್ಕೂ ಕುಂಕುಮ ಇಡುತ್ತಾ ಬಂದವರು ಅದನ್ನು ದಾಟಿ ಮುಂದಕ್ಕೆ ಹೋದರು.

"ಅತ್ತೆ, ಇದೊಂದು ಬಿಟ್ಟೋಯ್ತು."

"ಬ್ಯಾಡಮ್ಮ. ಒಂದ್ಸಲ ದೇವರು ಕಾಪಾಡ್ದ."

"ನೀವು ಇಡಲ್ಲ ಅಂದ್ರೆ ನಾನೇ ಕೆಂಡ ತರ್ತೀನಿ. ಎಷ್ಟು ಕೆಂಡ ಬೇಕು ಅಂತ ನಂಗೆ ಗೊತ್ತಿಲ್ಲ, ಆಮೇಲೆ ಹೆಚ್ಚುಕಡಿಮೆ ಆದ್ರೆ ನನ್ನ ಕೇಳ್ಬೇಡಿ."

"ಡಾಕ್ಟರೇಟ್ ತಗೊಂಡಿದೀಯ, ಎಷ್ಟು ಕೆಂಡ ಅಂತ ಗೊತ್ತಿಲ್ವಾ?" ಎಂದರು. ಒಂದು ವರ್ಷದ ಮೇಲೆ ಅವರು ನನ್ನನ್ನು ಆಡಿಕೊಂಡದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು. ಹೊಗೆ ಎಂದು ಹೇಳಲು ಹೊಗೆಯೂ ಇನ್ನೂ ಇರಲಿಲ್ಲ.

ಒಳಗೆ ಹೋಗಿ ಕೆಂಡದ ಬಾಣಲೆ ತಂದರು. ಇಕ್ಕಳದಿಂದ ಚೌಕಟ್ಟಿನ ಕೆಳಗೆ ಅರ್ಧ ತಳ್ಳಿ, ನನ್ನ ಮುಖ ನೋಡಿ, ಆಮೇಲೆ ಪೂರ್ತಿ ತಳ್ಳಿದರು. ಸಾಂಬ್ರಾಣಿ ಹಾಕಿದರು. ಮೂಲೆಗಳಿಗೆ ಕುಂಕುಮ ಇಟ್ಟರು, ಬೋಲ್ಟಿಗೆ ಹೂ ಇಟ್ಟರು. ಆಮೇಲೆ ನನ್ನ ಪಕ್ಕ ಬಂದು ನಿಂತರು. ನನ್ನ ಗಂಡ ಬಾಗಿಲಲ್ಲಿ ಇಣುಕಿ ಒಳಗೆ ಬಂದರು.

ಟಣ್.

ಅತ್ತೆ ಬೆಚ್ಚಿ ನನ್ನ ಮುಂಗೈ ಹಿಡಿದುಕೊಂಡರು. ಇನ್ನೊಂದು ಕೈಯ ಇಕ್ಕಳದಿಂದ ಕೆಂಡದ ಬಾಣಲೆಯನ್ನು ಈಚೆಗೆ ಎಳೆದರು. ನನ್ನ ಗಂಡ, ಆಯ್ತಲ್ಲಾ ಎನ್ನುವ ಹಾಗೆ, ಬಾಗಿಲ ಕಡೆ ತಿರುಗಿದರು.

"ಎಲೆ ಹಾಕೈತೆ ಬನ್ನಿ. ಒಬ್ಬಟ್ಟು ಆರೋಗುತ್ತೆ."

"ಸುಮ್ನಿರೋ," ಎಂದರು ಅತ್ತೆ. "ಇನ್ನೊಂದು ಐತೆ."

ನಾವು ಮೂವರೂ ಊಟ ಬಿಟ್ಟು ಅಲ್ಲೇ ನಿಂತೆವು. ಪ್ಲೇಟು ಆರುತ್ತಿತ್ತು. ಅತ್ತೆ ನನ್ನ ಕೈ ಬಿಟ್ಟಿರಲಿಲ್ಲ.